ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ: ಅಸಲಿಯೋ ಅಲ್ಲವೋ ಎಂದು ಪರೀಕ್ಷಿಸುವ ಬಗೆ

ಕರಾವಳಿಯಲ್ಲಿ ಹಳೆಯ ಕಾರುಗಳ ಸುದ್ದಿ ಇವತ್ತಿಗೂ ಬಾಯಿಂದ ಬಾಯಿಗೇ ಹರಡುತ್ತದೆ. ಯಾವುದೋ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಸೀಟಿನ, ಟಾಪು ಮಡಚುವ ಇಂಗ್ಲಿಷ್ ಕಾರೊಂದಿದೆಯಂತೆ, ಯಜಮಾನರು ತೀರಿಕೊಂಡಿದ್ದಾರೆ, ಮಕ್ಕಳು ಮುಂಬೈಯಲ್ಲೋ ದುಬೈಯಲ್ಲೋ ಇದ್ದಾರೆ, ಮನೆ ಕೆಡಹುವ ಮೊದಲು ಕೊಟ್ಟುಬಿಡುತ್ತಾರಂತೆ ಎಂಬ ಮಾತು ಮಂಗಳೂರು, ಉಡುಪಿಯ ಗ್ಯಾರೇಜುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಅದರಲ್ಲಿ ಕೆಲವು ಕಾರುಗಳು ನಿಜಕ್ಕೂ ಅಸಲಿ. ಘಟ್ಟದ ಮೇಲಿನ ಕಾಫಿ ತೋಟದವರಿಂದಲೋ, ರಾಯಭಾರ ಕಚೇರಿಯ ಅಧಿಕಾರಿಗಳಿಂದಲೋ ಕೈ ಬದಲಾಗುತ್ತ ಇಲ್ಲಿಗೆ ಇಳಿದಂಥವು. ಇನ್ನು ಕೆಲವು, ಬೇರೆ ಕಾರಿನ ಚಾಸಿಯ, ಅಂದರೆ ಮೈ ಹೊರುವ ಉಕ್ಕಿನ ಚೌಕಟ್ಟಿನ, ಮೇಲೆ ನಲವತ್ತು ವರ್ಷಗಳ ಹಿಂದೆ ಯಾರೋ ಕೈಚಳಕದ ಟಿಂಕರ್ ಕಟ್ಟಿದ ಮೈ. ಎರಡೂ ಚಂದವಾಗಿಯೇ ಕಾಣುತ್ತವೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಈ ಪರೀಕ್ಷೆಯನ್ನು ನಾನು ಕಲಿತದ್ದು ಹಣ ಕಳೆದುಕೊಂಡು. ಮಂಗಳೂರಿನಲ್ಲಿ ಎಂಜಿ ಕಂಪನಿಯ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಎಂದು ಹೇಳಲಾದ ಒಂದು ಕಾರಿಗೆ, ಆರ್‌ಸಿ ಪುಸ್ತಕವನ್ನು ಬಿಡಿಸಿ ಓದುವ ಮೊದಲೇ ಮುಂಗಡ ಕೊಟ್ಟಿದ್ದೆ. ಪುಸ್ತಕದಲ್ಲಿ ತಯಾರಕರ ಹೆಸರು ಬೇರೆಯೇ ಇತ್ತು. ಮುಂಗಡ ಮರಳಿ ಬರಲಿಲ್ಲ. ಅಂದಿನಿಂದ ಗೆಳೆಯರು ಯಾರೇ ಇಂಥ ಕಾರು ನೋಡಲು ಹೊರಟರೂ ಅವರೊಂದಿಗೆ ಹೋಗುತ್ತೇನೆ, ಮತ್ತು ಕೆಳಗಿನ ಕ್ರಮದಲ್ಲಿಯೇ ನೋಡುತ್ತೇನೆ.

ಹೊರಡುವ ಮೊದಲು: ಆ ಮಾದರಿಯ ಜಾತಕ ತಿಳಿದಿರಲಿ

ಮಾರುವವರು ಹೇಳುವ ಮಾದರಿ ಯಾವುದೆಂದು ಕೇಳಿ ಬರೆದುಕೊಂಡು, ಆ ಮಾದರಿ ಯಾವ ವರ್ಷದಿಂದ ಯಾವ ವರ್ಷದವರೆಗೆ ತಯಾರಾಯಿತು, ಎಂಜಿನ್ ಎಷ್ಟು ಸಿಸಿ, ಮುಂದಿನ ಚಕ್ರದ ನಡುಬಿಂದುವಿನಿಂದ ಹಿಂದಿನ ಚಕ್ರದ ನಡುಬಿಂದುವಿಗೆ ಇರುವ ಅಂತರ, ಅಂದರೆ ವೀಲ್‌ಬೇಸ್, ಎಷ್ಟು, ಚಾಸಿ ಸಂಖ್ಯೆ ಯಾವ ಅಕ್ಷರದಿಂದ ಶುರುವಾಗುತ್ತದೆ ಎಂಬ ನಾಲ್ಕು ವಿವರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಕಾರಿನ ಮುಂದೆ ನಿಂತ ಮೇಲೆ ಮೊಬೈಲಿನಲ್ಲಿ ಹುಡುಕುತ್ತೇನೆಂದರೆ ಆಗುವುದಿಲ್ಲ. ಆ ಹೊತ್ತಿಗೆ ಮನಸ್ಸು ಕಾರಿಗೆ ಒಲಿದಾಗಿರುತ್ತದೆ, ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ.

ನಮ್ಮ ಕಡೆ ಹೆಚ್ಚಾಗಿ ಹೆಸರು ಕೇಳಿಬರುವ ಎರಡು ಜಾತಿಗಳನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ತಯಾರಾದ ಎಂಜಿ ಕಾರುಗಳಲ್ಲಿ ಟಿಸಿ ಮಾದರಿ 1945ರಿಂದ 1949ರವರೆಗೆ, ಟಿಡಿ 1950ರಿಂದ 1953ರವರೆಗೆ, ಟಿಎಫ್ 1953ರಿಂದ 1955ರವರೆಗೆ, ಎಂಜಿಎ 1955ರಿಂದ 1962ರವರೆಗೆ, ಎಂಜಿಬಿ 1962ರಿಂದ 1980ರವರೆಗೆ ಬಂದವು. ಟಿಸಿ ಮತ್ತು ಟಿಡಿ ದೂರದಿಂದ ಅಕ್ಕತಂಗಿಯರಂತೆ ಕಂಡರೂ ಟಿಸಿಯ ಚಕ್ರ 19 ಇಂಚಿನ ತಂತಿ ಚಕ್ರ, ಮುಂದೆ ನೇರ ಆಕ್ಸಲ್ ಮತ್ತು ಪಟ್ಟೆ ಸ್ಪ್ರಿಂಗ್. ಟಿಡಿಗೆ 15 ಇಂಚಿನ ಉಕ್ಕಿನ ತಟ್ಟೆ ಚಕ್ರ, ಮುಂದೆ ಕಾಯಿಲ್ ಸ್ಪ್ರಿಂಗಿನ ಸ್ವತಂತ್ರ ಸಸ್ಪೆನ್ಷನ್. ಟಿಸಿ ಎಂದು ಮಾರುವ ಕಾರಿನ ಮುಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಕಂಡರೆ ಅಲ್ಲಿಗೇ ಮಾತು ನಿಲ್ಲಿಸಿ ವಿವರಣೆ ಕೇಳಬೇಕು. ಈ ಎರಡೂ ಮಾದರಿಗಳಲ್ಲಿ ಮೊದಲ ಕಾರಿನ ಚಾಸಿ ಸಂಖ್ಯೆ 0251, ಎಣಿಕೆ ಅಲ್ಲಿಂದ ಮುಂದಕ್ಕೆ. ಆಬಿಂಗ್ಡನ್ ಕಾರ್ಖಾನೆಯ ದೂರವಾಣಿ ಸಂಖ್ಯೆ 251 ಆಗಿದ್ದುದೇ ಅದಕ್ಕೆ ಕಾರಣ. ಆದ್ದರಿಂದ ಟಿಡಿ 0100 ಎಂಬ ಸಂಖ್ಯೆ ಕೊರೆದ ಕಾರು ಲೋಕದಲ್ಲಿ ಇರಲು ಸಾಧ್ಯವಿಲ್ಲ.

ಎರಡನೆಯದು ಟ್ರಯಂಫ್ ಸ್ಪಿಟ್‌ಫೈರ್, 1962ರಿಂದ 1980ರವರೆಗೆ ಬಂದ ಕಾರು. ಇದರ ವಿಷಯದಲ್ಲಿ ಭಾರತದವರು, ಅದರಲ್ಲೂ ದಕ್ಷಿಣದವರು, ವಿಶೇಷವಾಗಿ ಎಚ್ಚರವಾಗಿರಬೇಕು. ಸ್ಪಿಟ್‌ಫೈರ್‌ನ ಚಾಸಿ ಹುಟ್ಟಿದ್ದೇ ಟ್ರಯಂಫ್ ಹೆರಾಲ್ಡ್ ಚಾಸಿಯಿಂದ. ಅದೇ ಹೆರಾಲ್ಡ್ ಕಾರನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಇಲ್ಲೇ ತಯಾರಿಸಿತು. ನಮ್ಮ ತಂದೆಯ ಕಾಲದ ಡಾಕ್ಟರು, ವಕೀಲರು ಓಡಿಸುತ್ತಿದ್ದ ಕಾರು ಅದು. ಹೀಗಾಗಿ ಸ್ಪಿಟ್‌ಫೈರ್ ಮೈಯನ್ನು ಕೂರಿಸಲು ಬೇಕಾದ ಚಾಸಿ, ಸಸ್ಪೆನ್ಷನ್, ಸ್ಟಿಯರಿಂಗ್ ಎಲ್ಲವೂ ನಮ್ಮೂರಿನಲ್ಲಿಯೇ ಕೈಗೆಟಕುವಂತಿದ್ದವು.

ಅಳತೆ ಟೇಪು

ಕಾರಿನ ಬಳಿ ಹೋದ ಕೂಡಲೇ ಬಾನೆಟ್ ಎತ್ತುವುದು ಎಲ್ಲರ ರೂಢಿ. ಅದರ ಬದಲು ಮೊದಲು ಟೇಪು ಹಿಡಿಯಿರಿ. ಬಣ್ಣ, ಸೀಟು, ಲಾಂಛನ, ಕೊನೆಗೆ ಎಂಜಿನ್ನನ್ನು ಕೂಡ ಬದಲಿಸಬಹುದು. ಚಕ್ರದಿಂದ ಚಕ್ರಕ್ಕಿರುವ ದೂರವನ್ನು ಬದಲಿಸಬೇಕಾದರೆ ಚಾಸಿಯನ್ನು ಕತ್ತರಿಸಬೇಕು, ಕತ್ತರಿಸಿದರೆ ಕಲೆ ಉಳಿಯುತ್ತದೆ.

ಕಾಪುವಿನ ಸಮೀಪದ ಒಂದು ಮನೆಗೆ ಆಟಿ ತಿಂಗಳ ಜಡಿಮಳೆಯಲ್ಲಿ ಗೆಳೆಯನೊಬ್ಬನೊಂದಿಗೆ ಹೋಗಿದ್ದೆ. ಸೋಗೆ ಇಳಿಬಿಟ್ಟ ಶೆಡ್ಡಿನೊಳಗೆ ಕೆಂಪು ಬಣ್ಣದ ಕಾರು, ಮೂಗಿನ ಮೇಲೆ ಟ್ರಯಂಫ್ ಎಂಬ ಅಕ್ಷರಗಳು, ಒಳಗೆ ಎರಡೇ ಸೀಟು. ಗೆಳೆಯ ಆಗಲೇ ಮನಸ್ಸಿನಲ್ಲಿ ಅದನ್ನು ಹೆದ್ದಾರಿಯಲ್ಲಿ ಓಡಿಸುತ್ತಿದ್ದ. ನಾವು ಸ್ಟಿಯರಿಂಗನ್ನು ನೇರ ಮಾಡಿ, ಮುಂದಿನ ಚಕ್ರದ ನಡುಬಿಂದುವಿನಿಂದ ನೂಲಿಗೆ ಒಂದು ನಟ್ಟು ಕಟ್ಟಿ ತೂಗುಬಿಟ್ಟು, ಅದು ನೆಲ ಮುಟ್ಟಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಹಿಂದಿನ ಚಕ್ರಕ್ಕೂ ಹಾಗೆಯೇ. ಎರಡು ಗುರುತುಗಳ ನಡುವೆ ಟೇಪು ಎಳೆದರೆ 91 ಇಂಚು ದಾಟಿ ಅರ್ಧ ಇಂಚು. ಇನ್ನೊಂದು ಬದಿಯಲ್ಲಿಯೂ ಅಷ್ಟೇ. ಸ್ಪಿಟ್‌ಫೈರ್‌ನ ಅಳತೆ 83 ಇಂಚು, ಅಂದರೆ 2,108 ಮಿಲಿಮೀಟರ್. ಹೆರಾಲ್ಡ್‌ನದು 91.5 ಇಂಚು, ಅಂದರೆ 2,324 ಮಿಲಿಮೀಟರ್. ಎಂಟೂವರೆ ಇಂಚಿನ ವ್ಯತ್ಯಾಸವನ್ನು ಯಾವ ಬಣ್ಣವೂ ಮುಚ್ಚಲಾರದು. ಆ ಮನೆಯ ಮಗನಿಗೂ ವಿಷಯ ಗೊತ್ತಿರಲಿಲ್ಲ. ತಂದೆ ಅದನ್ನು ಸ್ಪಿಟ್‌ಫೈರ್ ಎಂದೇ ನಂಬಿ ಕೊಂಡು, ನಂಬಿಯೇ ಜೋಪಾನ ಮಾಡಿದ್ದರು. ಮಾರುವವರು ಸುಳ್ಳು ಹೇಳುತ್ತಿಲ್ಲ ಎಂಬುದರಿಂದ ಕಾರು ಅಸಲಿಯಾಗುವುದಿಲ್ಲ ಎಂಬುದು ನನಗೆ ಅಂದು ಚೆನ್ನಾಗಿ ಮನದಟ್ಟಾಯಿತು.

ಚಾಸಿಯನ್ನು ಕತ್ತರಿಸಿ ಗಿಡ್ಡ ಮಾಡಿರುವ ಸಾಧ್ಯತೆಯೂ ಇರುವುದರಿಂದ ಅಳತೆ ಸರಿಬಂದ ಮಾತ್ರಕ್ಕೆ ತೃಪ್ತಿಪಡಬಾರದು. ಕಾರಿನ ಕೆಳಗೆ ಟಾರ್ಚ್ ಹಿಡಿದು ನೋಡಿದಾಗ ಹೆರಾಲ್ಡ್ ಚಾಸಿಗೆ ನಡುವಿನ ಬೆನ್ನೆಲುಬಿನ ಜೊತೆಗೆ ಎರಡೂ ಬದಿಗೆ ಚಾಚಿದ ತೋಳುಗಳೂ ಅಂಚಿನುದ್ದಕ್ಕೆ ಓಡುವ ಪಟ್ಟಿಗಳೂ ಕಾಣುತ್ತವೆ. ಸ್ಪಿಟ್‌ಫೈರ್‌ಗೆ ಅಂಚಿನ ಆ ಪಟ್ಟಿಗಳಿಲ್ಲ. ಬಾಗಿಲ ಕೆಳಗಿನ ಸಿಲ್‌ಗಳೇ ಅಲ್ಲಿ ಭಾರ ಹೊರುತ್ತವೆ. ಒಳಗೆ ಕಾರ್ಪೆಟ್ ಎತ್ತಿ ನೋಡಿದರೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಹೆರಾಲ್ಡ್‌ನ ಮೈ ತುಂಡುತುಂಡಾಗಿ ತಯಾರಾಗಿ ಬೋಲ್ಟಿನಿಂದ ಕೂಡಿಸಿದ್ದು, ಮುಂಭಾಗ ಹಿಂಭಾಗಗಳು ಕೂಡುವ ಸಂದು ಅಡ್ಡಲಾಗಿ ಕಾಣುತ್ತದೆ. ಸ್ಪಿಟ್‌ಫೈರ್‌ನ ಒಡಲು ಬೆಸೆದ ಒಂದೇ ತೊಟ್ಟಿ.

ಅಯಸ್ಕಾಂತ ಮತ್ತು ತುಕ್ಕು

ತೆಳುವಾದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವೊಂದು ಜೇಬಿನಲ್ಲಿರಲಿ. ಎಂಜಿಬಿ, ಸ್ಪಿಟ್‌ಫೈರ್‌ಗಳ ಮೈ ಉಕ್ಕಿನದು. ಅಯಸ್ಕಾಂತ ಹಿಡಿಯದ ಕಡೆ ಪುಟ್ಟಿಯೋ ಫೈಬರ್‌ಗ್ಲಾಸೋ ಇದೆ ಎಂದರ್ಥ. ಎಲ್ಲ ಕಾರಿಗೂ ಈ ನಿಯಮ ಹೊಂದುವುದಿಲ್ಲ: ಎಂಜಿಬಿಯ ಆರಂಭದ ವರ್ಷಗಳ ಬಾನೆಟ್ ಅಲ್ಯೂಮಿನಿಯಂನದು, ಜಾಗ್ವಾರ್ ಎಕ್ಸ್‌ಕೆ120ರ ಮೊದಲ ಸುಮಾರು 240 ಕಾರುಗಳಿಗೆ ಅಲ್ಯೂಮಿನಿಯಂ ಮೈ ಇತ್ತು. ಅಲ್ಲಿ ಅಯಸ್ಕಾಂತ ಹಿಡಿಯದಿರುವುದೇ ಒಳ್ಳೆಯ ಲಕ್ಷಣ. ಜಾತಕ ಮೊದಲೇ ಓದಿಕೊಳ್ಳಬೇಕು ಎಂದದ್ದು ಇದಕ್ಕೇ.

ಅರಬ್ಬೀ ಸಮುದ್ರದ ಉಪ್ಪುಗಾಳಿ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆ ಇವೆರಡರ ನಡುವೆ ಐವತ್ತು ವರ್ಷ ಕಳೆದ ಉಕ್ಕು ತುಕ್ಕಿಲ್ಲದೆ ಇರಲು ಸಾಧ್ಯವಿಲ್ಲ. ಮಲ್ಪೆಯ ಬಳಿಯ ಕಾರಿನ ತಳ ಹೊಸದರಂತೆ ಕಪ್ಪಗೆ ಹೊಳೆಯುತ್ತಿದ್ದರೆ ನನಗೆ ಸಮಾಧಾನಕ್ಕಿಂತ ಸಂಶಯವೇ ಹೆಚ್ಚು. ಆ ಕಪ್ಪು ಟಾರಿನ ಲೇಪದ ಅಡಿಯಲ್ಲಿ ತೇಪೆಗಳಿರಬಹುದು, ಚಾಸಿ ಕತ್ತರಿಸಿ ಜೋಡಿಸಿದ ಬೆಸುಗೆಯೂ ಇರಬಹುದು. ಮಾರುವವರ ಒಪ್ಪಿಗೆ ಪಡೆದು ಒಂದೆರಡು ಕಡೆ ಲೇಪ ಕೆರೆದು ನೋಡಬೇಕು. ಸಿಲ್, ನೆಲದ ಹಲಗೆ, ಬಾಗಿಲಿನ ಕೆಳ ಅಂಚು, ಡಿಕ್ಕಿಯ ತಳ, ಬ್ಯಾಟರಿ ತಟ್ಟೆ ಇವು ತುಕ್ಕು ಮೊದಲು ಹಿಡಿಯುವ ಜಾಗಗಳು.

ತುಕ್ಕು ಹಿಡಿದದ್ದಕ್ಕೆ ಕಾರನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಹಳೆಯ ತುಕ್ಕು ಒಂದು ರೀತಿಯಲ್ಲಿ ಪ್ರಾಮಾಣಿಕ ಸಾಕ್ಷಿ. ಕಾರ್ಖಾನೆಯ ಬೆಸುಗೆ, ಕಾರ್ಖಾನೆಯ ಬಣ್ಣ ಅದರ ಅಡಿಯಲ್ಲಿ ಇನ್ನೂ ಇರುತ್ತವೆ. ಡ್ಯಾಶ್‌ಬೋರ್ಡಿನ ಹಿಂಬದಿ, ಡಿಕ್ಕಿಯ ಮೂಲೆ, ಸೀಟಿನ ಹಳಿಯ ಕೆಳಗೆ ನೋಡಿದರೆ ಮೊದಲ ಬಣ್ಣದ ಚೂರು ಸಿಕ್ಕೇ ಸಿಗುತ್ತದೆ. ಆ ಬಣ್ಣ ಯಾವುದೆಂದು ಬರೆದುಕೊಳ್ಳಿ. ಮುಂದೆ ಕಾರ್ಖಾನೆಯ ದಾಖಲೆ ಕೈಗೆ ಬಂದಾಗ ಅದು ಬೇಕಾಗುತ್ತದೆ.

ಸಂಖ್ಯೆಗಳನ್ನು ಓದುವುದು

ಇಷ್ಟಾದ ಮೇಲೆ ಬಾನೆಟ್ ಎತ್ತಬಹುದು. ಚಾಸಿ ಸಂಖ್ಯೆಯ ತಗಡಿನ ಪಟ್ಟಿ, ಎಂಜಿನ್ ಬ್ಲಾಕಿನ ಮೇಲೆ ಕೊರೆದ ಸಂಖ್ಯೆ, ಮೈಯ ಸಂಖ್ಯೆ ಇದ್ದರೆ ಅದು, ಎಲ್ಲವನ್ನೂ ಫೋಟೋ ತೆಗೆಯಿರಿ. ಅದರ ಜೊತೆಗೆ ನಮ್ಮ ಬ್ರೋಕರುಗಳು ಆರ್‌ಟಿಓ ಕೆಲಸಕ್ಕೆ ಮಾಡುವಂತೆ ಪೆನ್ಸಿಲ್ ಉಜ್ಜಿ ಚಾಸಿ ಪ್ರಿಂಟನ್ನೂ ತೆಗೆಯಿರಿ. ಫೋಟೋದಲ್ಲಿ ಕಾಣದ ಅಕ್ಷರದ ಆಳ, ವಾಲು, ಅಂತರ ಉಜ್ಜಿದ ಕಾಗದದಲ್ಲಿ ಎದ್ದು ಕಾಣುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ತಂತಿ ಬ್ರಶ್ ಬಳಸಿದರೆ ನೋಡಬೇಕಾದ ಗುರುತೇ ಅಳಿಸಿಹೋಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದಾಗ ಅಕ್ಷರಗಳ ಸುತ್ತಲಿನ ಲೋಹ ಅಕ್ಕಪಕ್ಕದ ಲೋಹಕ್ಕಿಂತ ತಗ್ಗಾಗಿಯೋ ಗೀರುಗೀರಾಗಿಯೋ ಕಂಡರೆ ಹಳೆಯ ಸಂಖ್ಯೆಯನ್ನು ಉಜ್ಜಿ ತೆಗೆದಿರಬಹುದು.

ಬ್ರಿಟನ್ನಿನ ಸ್ಪಿಟ್‌ಫೈರ್‌ಗಳಲ್ಲಿ ಮೊದಲ ಎರಡು ಮಾದರಿಗಳ ಸಂಖ್ಯೆ ಎಫ್‌ಸಿ ಎಂದೂ 1967ರಿಂದ 1970ರವರೆಗಿನ ಮೂರನೆಯದರದು ಎಫ್‌ಡಿ ಎಂದೂ ಶುರುವಾಗುತ್ತದೆ. ಎಂಜಿನ್ ಸಂಖ್ಯೆಯ ಮುಂದೆಯೂ ಅದೇ ಅಕ್ಷರಗಳಿರುತ್ತವೆ. ಬ್ಲಾಕಿನ ಎಡಬದಿಯಲ್ಲಿ ಜಿಎ ಎಂಬ ಅಕ್ಷರಗಳು ಕಂಡರೆ ಅದು ಹೆರಾಲ್ಡ್ 1200ರ ಎಂಜಿನ್. ಮೊದಲ ಎರಡು ಮಾದರಿಯ ಸ್ಪಿಟ್‌ಫೈರ್‌ಗೂ ಹೆರಾಲ್ಡ್ 1200ಕ್ಕೂ 1147 ಸಿಸಿಯೇ ಆದ್ದರಿಂದ ಸಿಸಿ ನೋಡಿ ಏನೂ ತಿಳಿಯದು. ಸ್ಪಿಟ್‌ಫೈರ್‌ಗೆ ಎರಡು ಎಸ್‌ಯು ಕಾರ್ಬ್ಯುರೇಟರ್, ಮುಂದೆ ಡಿಸ್ಕ್ ಬ್ರೇಕ್. ನಮ್ಮ ಹೆರಾಲ್ಡ್‌ಗೆ ಒಂದೇ ಕಾರ್ಬ್ಯುರೇಟರ್, ಡ್ರಮ್ ಬ್ರೇಕ್. ಎಂಜಿಬಿಯ ಸಂಖ್ಯೆ ಜಿಎಚ್‌ಎನ್ ಎಂದು ಶುರುವಾದರೆ ಎರಡು ಸೀಟಿನ ತೆರೆದ ಕಾರು, ಜಿಎಚ್‌ಡಿ ಎಂದಾದರೆ ಮಾಡು ಮುಚ್ಚಿದ ಜಿಟಿ. ಜಿಟಿಯ ಮಾಡು ಕತ್ತರಿಸಿ ತೆರೆದ ಕಾರು ಮಾಡಿದ್ದರೆ ಈ ಒಂದು ಅಕ್ಷರವೇ ಹೇಳಿಬಿಡುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ‘ಮ್ಯಾಚಿಂಗ್ ನಂಬರ್’ ಎಂದರೆ ಚಾಸಿ ಮತ್ತು ಎಂಜಿನ್ ಮೇಲೆ ಒಂದೇ ಸಂಖ್ಯೆ ಇರುವುದು ಎಂದು ಅನೇಕರು ನಂಬಿದ್ದಾರೆ. ಎಂಜಿಬಿ, ಸ್ಪಿಟ್‌ಫೈರ್, ಜಾಗ್ವಾರ್‌ಗಳಲ್ಲಿ ಎಂಜಿನ್ ಸಂಖ್ಯೆ ಬೇರೆಯೇ ಸರಣಿಯದು. ಆ ಚಾಸಿಗೆ ಕಾರ್ಖಾನೆಯಲ್ಲಿ ಕೂರಿಸಿದ ಅದೇ ಎಂಜಿನ್ ಇಂದಿಗೂ ಅದರಲ್ಲಿದೆ ಎಂಬುದಷ್ಟೇ ಆ ಮಾತಿನ ಅರ್ಥ. ಎರಡೂ ಅಂಕಿಗಳು ಅಕ್ಷರಶಃ ಒಂದೇ ಆಗಿದ್ದರೆ ಯಾರೋ ಈಚೆಗೆ ಕೊರೆದಿದ್ದಾರೆಂದು ಅನುಮಾನಿಸಬೇಕು. ಎರಡನೆಯದು, ತಗಡಿನ ಪಟ್ಟಿಯ ಮೇಲಿನ ಅತಿಯಾದ ನಂಬಿಕೆ. ಟ್ರಯಂಫ್‌ನವರು ಕಮಿಷನ್ ಸಂಖ್ಯೆ ಎಂದು ಕರೆಯುತ್ತಿದ್ದ ಈ ಅಂಕಿ ಇರುವುದು ರಿವೆಟ್ ಹೊಡೆದ ಒಂದು ಸಣ್ಣ ತಗಡಿನ ಮೇಲೆ. ಹೊಸ ಖಾಲಿ ಪಟ್ಟಿಗಳು ದುರಸ್ತಿ ಸಾಮಾನಿನ ಅಂಗಡಿಗಳಲ್ಲಿ ಹಣಕ್ಕೆ ಸಿಗುತ್ತವೆ. ಪಟ್ಟಿ ಹಳತಾಗಿ ರಿವೆಟ್ ಹೊಳೆಯುತ್ತಿದ್ದರೆ, ಅಥವಾ ಪಕ್ಕದಲ್ಲಿ ಬಳಕೆಯಾಗದ ಹಳೆಯ ರಿವೆಟ್ ತೂತುಗಳಿದ್ದರೆ, ಆ ತಗಡು ಬೇರೆ ಕಾರಿನಿಂದ ಬಂದಿರಬಹುದು. ಸಂಖ್ಯೆ ಅಸಲಿಯಾಗಿದ್ದು ಕಾರು ನಕಲಿಯಾಗಿರುವ ಪ್ರಸಂಗ ಎಲ್ಲಕ್ಕಿಂತ ಹೆಚ್ಚು ಕಂಗೆಡಿಸುವಂಥದ್ದು, ಯಾಕೆಂದರೆ ಆಗ ಕಾಗದಗಳೆಲ್ಲ ಸರಿಯಾಗಿಯೇ ಇರುತ್ತವೆ.

ಸಂಖ್ಯೆಗಳ ಆಚೆಗೆ ಕಾರಿನ ವಯಸ್ಸು ಹೇಳುವ ಚಿಕ್ಕ ಸಾಕ್ಷಿಗಳನ್ನೂ ನೋಡಿ. ಲೂಕಸ್ ಕಂಪನಿಯ ಡೈನಮೋ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್‌ಗಳ ಮೇಲೆ ತಿಂಗಳು, ವರ್ಷ ಕೊರೆದಿರುತ್ತದೆ. ಟ್ರಿಪ್ಲೆಕ್ಸ್ ಗಾಜಿನ ಗುರುತಿನ ಅಕ್ಷರಗಳ ಮೇಲೆ ಕೆಳಗೆ ಇರುವ ಪುಟ್ಟ ಚುಕ್ಕೆಗಳು ಅದು ತಯಾರಾದ ವರ್ಷ ಮತ್ತು ತ್ರೈಮಾಸಿಕದ ಸಂಕೇತ. ಇವು ಕಾರಿನ ತಯಾರಿಕೆಯ ತಿಂಗಳಿಗಿಂತ ತುಸು ಹಿಂದಿನವಾಗಿರಬೇಕು. ಐವತ್ತು ವರ್ಷಗಳಲ್ಲಿ ಒಂದು ಡೈನಮೋ ಬದಲಾಗುವುದು ಸಹಜ. ಆದರೆ 1964ರ ಕಾರೆಂದು ಹೇಳುವ ವಾಹನದಲ್ಲಿ ಎಲ್ಲವೂ 1970ರ ಆಚೆಯವಾಗಿದ್ದರೆ ಪ್ರಶ್ನೆ ಏಳುತ್ತದೆ. ಸ್ಪ್ಯಾನರ್ ಹಾಕಿ ನೋಡಿದಾಗ ಮೂಲ ಜಾಗಗಳಲ್ಲಿ ಮಿಲಿಮೀಟರ್ ಬೋಲ್ಟುಗಳು ಕಂಡರೆ ಅದು ನಂತರದ ಕೆಲಸ ಎಂಬ ಮಾತು ಅರುವತ್ತರ ದಶಕದ ಬ್ರಿಟಿಷ್ ಕಾರುಗಳ ಮಟ್ಟಿಗೆ ಸರಿ. ಎಂಜಿ ಟಿಸಿ, ಟಿಡಿಗಳ 1250 ಸಿಸಿ ಎಕ್ಸ್‌ಪಿಎಜಿ ಎಂಜಿನ್ನಿಗೆ ಮಾತ್ರ ಅದು ಅನ್ವಯಿಸುವುದಿಲ್ಲ: ಅದರ ಬೋಲ್ಟುಗಳ ತಿರುಪಿನ ಮರೆ (ಥ್ರೆಡ್) ಹುಟ್ಟಿನಿಂದಲೇ ಮೆಟ್ರಿಕ್, ತಲೆ ಮಾತ್ರ ಬ್ರಿಟನ್ನಿನ ಹಳೆಯ ವಿಟ್‌ವರ್ತ್ ಅಳತೆಯದು. ಇದನ್ನರಿಯದೆ ಅಸಲಿ ಎಂಜಿನ್ನನ್ನೇ ನಕಲಿ ಎಂದು ತಳ್ಳಿಹಾಕಬಾರದು.

ಕಾರ್ಖಾನೆಯ ದಾಖಲೆ

ಇಂಗ್ಲೆಂಡಿನ ಗೇಡನ್ನಿನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಎಂಜಿ, ಟ್ರಯಂಫ್ ಮೊದಲಾದ ಕಂಪನಿಗಳ ತಯಾರಿಕಾ ದಾಖಲೆಗಳನ್ನು ಕಾಪಾಡಿಕೊಂಡು ಬಂದಿದೆ. ಶುಲ್ಕ ಕಟ್ಟಿದರೆ ಎಂಜಿಬಿ, ಸ್ಪಿಟ್‌ಫೈರ್‌ನಂಥ ಕಾರುಗಳಿಗೆ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಜಾಗ್ವಾರ್ ಕಾರುಗಳಿಗೆ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಇದೆ. ತಯಾರಾದ ದಿನಾಂಕ, ಮೂಲ ಎಂಜಿನ್ ಸಂಖ್ಯೆ, ಬಣ್ಣ, ಯಾವ ದೇಶಕ್ಕೆ ರವಾನೆಯಾಯಿತು ಎಂಬ ವಿವರಗಳು ಇಂಥ ಪ್ರಮಾಣಪತ್ರದಲ್ಲಿರುತ್ತವೆ. ಅರ್ಜಿಯ ಖರ್ಚನ್ನು ನೀವೇ ಕೊಡುವುದಾಗಿ ಹೇಳಿ ಮಾರುವವರಿಂದಲೇ ಅದನ್ನು ತರಿಸಿಕೊಳ್ಳುವುದು ಒಳ್ಳೆಯದು. ಕೆಲವು ವಾರ ತಡವಾಗುತ್ತದೆ. ತಡವನ್ನು ಸಹಿಸದೆ ನಾಳೆಯೇ ಹಣ ಬೇಕೆನ್ನುವವರ ಕಾರನ್ನು ನಾನಂತೂ ಬಿಟ್ಟುಬಿಡುತ್ತೇನೆ.

ಈ ಪತ್ರ ಆ ಸಂಖ್ಯೆಯ ಕಾರು ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೆಂದು ಹೇಳುತ್ತದೆ, ಅಷ್ಟೇ. ನಿಮ್ಮೆದುರು ನಿಂತಿರುವುದು ಅದೇ ಕಾರೋ ಎಂಬುದನ್ನು ನೀವು ಹೋಲಿಸಿ ನೋಡಬೇಕು. ಸೀಟಿನ ಹಳಿಯ ಕೆಳಗೆ ಸಿಕ್ಕ ಬಣ್ಣದ ಚೂರು ಇಲ್ಲಿ ಕೆಲಸಕ್ಕೆ ಬರುತ್ತದೆ: ಪತ್ರದಲ್ಲಿ ಬಿಳಿ ಎಂದಿದ್ದು ಕಾರಿನ ಎಲ್ಲ ಮೂಲೆಗಳಲ್ಲಿ ಹಸಿರು ಸಿಕ್ಕಿದರೆ, ಆ ತಗಡಿನ ಪಟ್ಟಿಗೂ ಈ ಮೈಗೂ ಸಂಬಂಧವಿಲ್ಲ. ಹೆರಾಲ್ಡ್, ಸ್ಪಿಟ್‌ಫೈರ್‌ಗಳಿಗೆ ಬ್ರಿಟನ್ನಿನ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್, ಎಂಜಿಗೆ 1930ರಲ್ಲಿ ಹುಟ್ಟಿದ ಎಂಜಿ ಕಾರ್ ಕ್ಲಬ್ ಇವೆ. ಫೋಟೋ ಮತ್ತು ಚಾಸಿ ಪ್ರಿಂಟ್ ಕಳಿಸಿ ಅಲ್ಲಿಯ ಬಲ್ಲವರ ಅಭಿಪ್ರಾಯ ಕೇಳಬಹುದು.

ಆರ್‌ಟಿಓ ಕಾಗದಗಳು

ಆರ್‌ಸಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ. ತಯಾರಕರ ಹೆಸರು, ತಯಾರಾದ ವರ್ಷ, ಸೀಟುಗಳ ಸಂಖ್ಯೆ, ಸಿಸಿ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳ ಜೊತೆಗೆ ವೀಲ್‌ಬೇಸ್ ಕಾಲಂ ಕೂಡ ಅಲ್ಲಿದೆ. ಅದು ತುಂಬಿದ್ದರೆ ನಿಮ್ಮ ಟೇಪಿನ ಅಳತೆಯನ್ನು ಅದರೊಂದಿಗೆ ತಾಳೆ ಹಾಕಿ. ಕಾರಿನಲ್ಲಿ ಎರಡೇ ಸೀಟಿದ್ದು ಕಾಗದದಲ್ಲಿ ನಾಲ್ಕು ಎಂದಿದ್ದರೆ, ಹೆಸರು ಸ್ಟ್ಯಾಂಡರ್ಡ್ ಎಂದಿದ್ದರೆ, ಬೇರೆ ಪುರಾವೆ ಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವುದೇ ತಪ್ಪು.

ಹೊಸ ಸ್ಮಾರ್ಟ್ ಕಾರ್ಡಿನಲ್ಲಿ ಹಳೆಯ ಚರಿತ್ರೆ ಇರುವುದಿಲ್ಲವಾದ್ದರಿಂದ ಮಾಲೀಕರ ಮೂಲಕ ಆರ್‌ಟಿಓ ಕಚೇರಿಯಿಂದ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಕಚೇರಿಯ ನೋಂದಣಿ ಪುಸ್ತಕದ ನಕಲು, ತೆಗೆಸಬೇಕು. ಕೆಎ 19 ಎಂದರೆ ಮಂಗಳೂರು, ಕೆಎ 20 ಎಂದರೆ ಉಡುಪಿ. ಆದರೆ ಈ ಬಗೆಯ ಸಂಖ್ಯೆಗಳು ಬಂದದ್ದೇ 1988ರ ಕಾಯ್ದೆ 1989ರ ಜುಲೈಯಲ್ಲಿ ಜಾರಿಯಾದ ಮೇಲೆ. ಅರುವತ್ತರ ದಶಕದ ಕಾರಿಗೆ ಕೆಎ 19 ಫಲಕವಿದ್ದರೆ ಅದಕ್ಕೂ ಮೊದಲು ಅದಕ್ಕೊಂದು ಹಳೆಯ ಸಂಖ್ಯೆ ಇತ್ತು ಎಂದರ್ಥ, ಅದು ಏನೆಂದು ದಾಖಲೆಯಲ್ಲಿ ಸಿಗಬೇಕು. ನಮ್ಮ ಜಿಲ್ಲೆಯ ಇನ್ನೊಂದು ವಿಶೇಷ ನೆನಪಿರಲಿ: 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. 1952ರಲ್ಲಿ ಮಂಗಳೂರಿನಲ್ಲಿಯೇ ನೋಂದಣಿಯಾಯಿತು ಎನ್ನುವ ಟಿಡಿ ಕಾರಿನ ಮೊದಲ ಕಾಗದ ಮೈಸೂರು ಸರಕಾರದ್ದಾಗಿದ್ದರೆ, ಕಥೆ ಹೇಳುವವರಿಗೆ ಚರಿತ್ರೆ ಗೊತ್ತಿಲ್ಲ.

ಹೊರದೇಶದಿಂದ ಬಂದ ಕಾರಿಗೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ, ಅಂದರೆ ಆಮದಿನ ದಾಖಲೆ, ಇರಬೇಕು. ಪಣಂಬೂರಿನ ನವ ಮಂಗಳೂರು ಬಂದರು ಕಾರ್ಯಾರಂಭ ಮಾಡಿದ್ದು 1974ರಲ್ಲಿ. ಅದಕ್ಕೂ ಹಿಂದಿನ ಕಾರುಗಳ ಕಾಗದ ಹೆಚ್ಚಾಗಿ ಮುಂಬೈ, ಮದ್ರಾಸು, ಕೊಚ್ಚಿಯ ಹೆಸರಿನಲ್ಲಿರುವುದು ಸಹಜ. ರಾಯಭಾರಿಗಳ ಕಾರುಗಳನ್ನು ಆ ಕಾಲದಲ್ಲಿ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುತ್ತಿತ್ತು, ಅದರ ಮಾರಾಟ ಪತ್ರ ಉಳಿದಿದ್ದರೆ ಬಹಳ ಬೆಲೆಯುಳ್ಳದ್ದು. ಮನೆಯ ಹಳೆಯ ಆಲ್ಬಮ್ಮುಗಳನ್ನೂ ಕೇಳಿ ನೋಡಿ. ಮದುವೆಯ ದಿನ ಅಂಗಳದಲ್ಲಿ ನಿಂತ ಕಾರಿನ ಒಂದು ಫೋಟೋ, ಅದರಲ್ಲಿ ಓದಲು ಸಿಗುವ ನಂಬರ್ ಪ್ಲೇಟು, ಹತ್ತು ಬಾಯಿಮಾತಿಗಿಂತ ಹೆಚ್ಚು. ಕಳವಾದ ವಾಹನವೋ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ್ ಸಮನ್ವಯ ವ್ಯವಸ್ಥೆ ಇದೆ.

ಅಸಲಿತನಕ್ಕೆ ಈಗ ಕಾನೂನಿನ ಬೆಲೆಯೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಟಿಲ್ಲದೆ ಮೂಲ ರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಅವಧಿ 10 ವರ್ಷ. ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂದಿರುತ್ತದೆ. ಇಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ ಇವಕ್ಕಷ್ಟೇ ರಸ್ತೆಗಿಳಿಸಬಹುದು, ದಿನಬಳಕೆಗಲ್ಲ. ಹೆರಾಲ್ಡ್ ಚಾಸಿಯ ಮೇಲೆ ಕಟ್ಟಿದ ಕಾರನ್ನು ಸ್ಪಿಟ್‌ಫೈರ್ ಎಂದು ಈ ಪಟ್ಟಿಗೆ ಸೇರಿಸಲು ಬರುವುದಿಲ್ಲ.

ಬೆಲೆ ಮತ್ತು ಕರಾರು

ಪರೀಕ್ಷೆಯಲ್ಲಿ ಕಾರು ಪ್ರತಿಕೃತಿ ಎಂದು ತಿಳಿದುಬಂದರೆ ಮಾರುವವರನ್ನು ಅವಮಾನಿಸಬೇಕಾಗಿಲ್ಲ, ಕಾರನ್ನು ತಿರಸ್ಕರಿಸಲೂ ಬೇಕಾಗಿಲ್ಲ. ಕಾಪುವಿನ ಆ ಕೆಂಪು ಕಾರಿನ ಟಿಂಕರಿಂಗ್ ಕೆಲಸ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. ಅಷ್ಟು ಸಮವಾದ ಬಾಗಿಲ ಸಂದುಗಳನ್ನು ನಾನು ಅಸಲಿ ಕಾರುಗಳಲ್ಲಿಯೂ ಕಂಡಿಲ್ಲ. ಹೆರಾಲ್ಡ್ ಎಂಬ ಹೆಸರಿನಲ್ಲಿ, ಹೆರಾಲ್ಡ್‌ನ ಬೆಲೆಗೆ, ಮಾರ್ಪಾಟನ್ನು ಆರ್‌ಟಿಓದಲ್ಲಿ ಸರಿಪಡಿಸಿಕೊಡುವ ಷರತ್ತಿನೊಂದಿಗೆ ಬೇಕಾದರೆ ಅಂಥ ಕಾರಿನ ಮಾತುಕತೆ ಮುಂದುವರಿಸಬಹುದು.

ಮಾಲೀಕರು ತೀರಿಕೊಂಡಿದ್ದರೆ ಕಾರು ಮೊದಲು ವಾರಸುದಾರರ ಹೆಸರಿಗೆ 31ನೆಯ ನಮೂನೆಯಲ್ಲಿ ವರ್ಗವಾಗಬೇಕು. ಅವಿಭಕ್ತ ಕುಟುಂಬಗಳು ಹೆಚ್ಚಿರುವ ನಮ್ಮ ಕಡೆ ಮನೆಯಲ್ಲಿರುವ ಒಬ್ಬರು ಸಹಿ ಹಾಕಿದರೆ ಸಾಲದು, ಹೊರ ಊರುಗಳಲ್ಲಿರುವ ಎಲ್ಲ ವಾರಸುದಾರರ ಒಪ್ಪಿಗೆ ಬರಹದಲ್ಲಿರಬೇಕು. ಆಮೇಲೆ ಮಾರಾಟದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಓಗೆ ತಿಳಿಸಬೇಕು.

ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. ಕರಾರುಪತ್ರದಲ್ಲಿ ಕಾರಿನ ಮಾದರಿ, ವರ್ಷ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಬರೆದು, ಹೆರಿಟೇಜ್ ಸರ್ಟಿಫಿಕೇಟಿನ ಅಥವಾ ಬಿ ಎಕ್ಸ್‌ಟ್ರಾಕ್ಟಿನ ವಿವರ ಇದಕ್ಕೆ ಹೊಂದದಿದ್ದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸತಕ್ಕದ್ದು ಎಂಬ ಒಂದು ವಾಕ್ಯ ಸೇರಿಸಿ. ಪೆನ್ಸಿಲ್ ಉಜ್ಜಿ ತೆಗೆದ ಚಾಸಿ ಪ್ರಿಂಟಿನ ಹಾಳೆಯನ್ನು ಅದರ ಹಿಂಬದಿಗೆ ಅಂಟಿಸಿ, ಹಾಳೆಯ ಅಂಚು ಮತ್ತು ಕರಾರುಪತ್ರ ಎರಡನ್ನೂ ಹಾಯುವಂತೆ ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.